ಒಂದು ಗೂಡಿನ ನೂಲು ಎಷ್ಟುದ್ದ

ಪುಸ್ತಕದಲ್ಲಿ ಒಂದೇ ಸಾಲು: ಸಾವಿರ ಮೀಟರ್‌ವರೆಗೆ.
"ವರೆಗೆ ಅಂದ್ರೆ ಎಷ್ಟು ಸಾರ್?"
ಕೇಳಿದವನು ಹಿಂದಿನ ಬೆಂಚಿನ ಮುನಿಕೃಷ್ಣ.
ಮರುದಿನ ಊಟದ ಡಬ್ಬಿಯಲ್ಲಿ ಮೂರು ಗೂಡು ತಂದ,
ಚಂದ್ರಂಕಿಯಿಂದ ಆಗಷ್ಟೇ ಬಿಡಿಸಿದ್ದು.

ಶಿಡ್ಲಘಟ್ಟದ ನಮ್ಮ ಶಾಲೆಗೆ
ಪ್ರಾಜೆಕ್ಟಿನ ನಮೂನೆ ಬಂದು ತಿಂಗಳಾಗಿತ್ತು.
ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ;
ನಾಲ್ಕು ಖಾನೆ, ನಾಲ್ಕೂ ಖಾಲಿ.
ಸರಿ ಎಂದು ನನ್ನ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದೆ.
ಟೈರು ಕಳಚಿದ ಹಿಂದಿನ ರಿಮ್ಮು,
ಸುತ್ತಳತೆಗೆ ಪೈ ಗುಣಿಸು ವ್ಯಾಸ.
ಅಲ್ಲಿಯವರೆಗೆ ಲೆಕ್ಕ ನನ್ನದು.

ಬಿಸಿಯೂಟದ ಒಲೆಯಿಂದ ನೀರು ಬಂತು, ಗೂಡು ತೇಲಿತು.
ಪೆನ್ಸಿಲ್ಲಿನಿಂದ ಕೆದಕಿದೆ, ಪಿನ್ನಿನಿಂದ ಕೆದಕಿದೆ,
ಬಂದದ್ದು ಹಿಂಜಿದ ಅರಳೆಯಂಥ ಸಿಕ್ಕು.
ಇಪ್ಪತ್ತೆರಡು ವರ್ಷ ಪಾಠ ಮಾಡಿದವನಿಗೆ
ಒಂದು ಎಳೆಯ ತುದಿ ಸಿಗಲಿಲ್ಲ.

ಆಗ ಸಬೀಹಾ ಎದ್ದಳು,
ಹಾಜರಿಗೂ ಪಿಸುಗುಟ್ಟುವವಳು.
ಪೊರಕೆಯ ಕಡ್ಡಿಯೊಂದನ್ನು ಮುರಿದು
ನೀರಲ್ಲಿ ಎರಡು ಸುತ್ತು ತಿರುವಿ
ಸುಮ್ಮನೆ ಎತ್ತಿದಳು.
ಹಬೆಯಾಡುವ ನೀರಿಗೆ ಬೆರಳು ಅದ್ದುವಾಗ
ಅವಳ ಮುಖ ಕದಲಲಿಲ್ಲ.
ಎಷ್ಟು ಸಲ ಅದ್ದಿರಬೇಕು ಎಂಬ ಲೆಕ್ಕವನ್ನು
ನಾನು ಬೋರ್ಡಿನ ಮೇಲೆ ಬರೆಯಲಿಲ್ಲ.

ಎಳೆ ಕಾಣದು. ಬಿಸಿಲಿಗೆ ವಾಲಿದರೆ ಒಂದು ಮಿಂಚು, ಅಷ್ಟೇ.
"ಮೆಲ್ಲಗೆ ಎಳೆಯೋ" ಎಂದಳು, ದನಿ ಎತ್ತಿ.
ಚಕ್ರ ತಿರುಗಿತು.
ಎಂಟನೇ ತರಗತಿ ಪೂರ್ತಿ ಎಣಿಸತೊಡಗಿತು,
ಕನ್ನಡದಲ್ಲಿ ನೂರು, ತೆಲುಗಿನಲ್ಲಿ ನೂರು,
ಉರ್ದುವಿನಲ್ಲಿ ಅರವತ್ತಕ್ಕೆ ಗಲಾಟೆಯೆದ್ದು
ಎಳೆ ತುಂಡು.
ಮತ್ತೆ ಕಡ್ಡಿ, ಮತ್ತೆ ತುದಿ.
ಊಟದ ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ.

ಗೂಡು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ
ಒಳಗಿನ ಕಂದು ಹುಳ ಕಂಡಿತು.
ನಾನೂರ ಹನ್ನೆರಡು ಸುತ್ತು, ಮುನಿಕೃಷ್ಣ.
ನಾನೂರ ಒಂಬತ್ತು, ಸಬೀಹಾ.
"ಯಾವುದು ಬರೆಯಲಿ?"
"ಎರಡೂ ಬರೀರಿ ಸಾರ್.
ಮೂರು ಸಲ ಕಿತ್ತೋಯ್ತಲ್ಲ, ಅದೂನೂ."

ಬರೆದೆ. ಖಾನೆ ಸಾಲದೆ ಅಂಚಿಗೂ ಹರಿಯಿತು.
"ಹುಳ ಇದನ್ನ ಸುತ್ತೋಕೆ ಎಷ್ಟು ದಿನ ತಗೊಂಡಿತ್ತು?"
ಯಾರೋ ಹಿಂದಿನಿಂದ ಕೇಳಿದರು.
ಅದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ.

ಸಂಜೆ ಟೈರು ಹಾಕಲು ಮನಸ್ಸಾಗಲಿಲ್ಲ.
ಗೂಡಿನ ಮಾರುಕಟ್ಟೆಯ ಮುಂದೆ
ಸೈಕಲ್ಲು ಹೆಗಲ ಮೇಲೆ ಹೊತ್ತು ನಡೆದೆ.
ಖಾಲಿ ಕ್ರೇಟು ಜೋಡಿಸುತ್ತಿದ್ದವರು ನಕ್ಕರು,
"ಏನ್ ಮೇಷ್ಟ್ರೇ, ಪಂಚರ್ರಾ?"
ಹೌದು ಎಂದೆ.
ರಿಮ್ಮಿನ ಮೇಲೆ ಅವರಿಗೆ ಏನೂ ಕಾಣುತ್ತಿರಲಿಲ್ಲ.