ಒಂದು ಗೆಜ್ಜೆಯಷ್ಟು

ದೇರಾದ ಮಸಾಲೆ ಸೂಕಿನಿಂದ ಚಿನ್ನದ ಸೂಕಿಗೆ
ನನ್ನ ಹೆಜ್ಜೆಯಲ್ಲಿ ಇನ್ನೂರ ಹನ್ನೊಂದು.
ಊಟದ ಬಿಡುವಿನಲ್ಲಿ ಎಣಿಸಿದ್ದೇನೆ, ಎರಡು ಸಲ.
ಅವನಿಗೆ ಇದೊಂದು ಗೊತ್ತಿದ್ದರೆ
ಮೂರು ಹಡಗು, ಒಬ್ಬ ರಾಣಿ, ಅಷ್ಟೊಂದು ನೀರು
ಯಾವುದೂ ಬೇಕಿರಲಿಲ್ಲ.

ಜುಲೇಖಾ ಚೀಲದ ಮೇಲೆ ಕೂತು ಬರೆಯುತ್ತಿದ್ದಾಳೆ.
ಏಳನೇ ತರಗತಿ, ಸಮಾಜದ ಪಾಠ:
ಕೊಲಂಬಸನ ಉದ್ದೇಶಗಳು, ಪರಿಣಾಮಗಳು, ಒಂದು ಪುಟ.
"ಯಾಕ ಹೋದ ಅಬ್ಬಾ ಅವ?"
ನಾನು ಕೇಸರಿ ತೂಗುತ್ತಿದ್ದೆ, ಬಾಯಿ ಮುಚ್ಚಿಕೊಂಡು.
ಒಂದು ಗ್ರಾಮಿನ ಮುಂದೆ ಉಸಿರೂ ಭಾರ.
"ಮೆಣಸಿಗೆ" ಅಂದೆ. ಆಮೇಲೆ "ಬಂಗಾರಕ್ಕೆ" ಅಂದೆ.
"ದೇವರ ಸಲುವಾಗಿ ಅಂತ ಪುಸ್ತಕದಾಗ ಐತಿ."
"ಅದನ್ನೂ ಬರಿ."
"ನೀ ಯಾಕ ಬಂದಿ?"
ತಕ್ಕಡಿಯ ಕೆಂಪು ಅಂಕಿ ಒಂದೆಡೆ ನಿಲ್ಲಲಿಲ್ಲ.
ಬಾಗಿಲಿಂದ ಗುಲಾಮ್‌ರೆಜಾ ಕೂಗಿದ:
"ಯಾ ಹಿಂದೀ, ಗಿರಾಕಿ!"

ಹಿಂದೀ. ಹನ್ನೊಂದು ವರ್ಷದಿಂದ ಇಲ್ಲಿ ಇದೇ ಹೆಸರು.
ಬ್ಯಾಡಗಿಯಲ್ಲಿ ದಾವಲ್‌ಸಾಬ ಅನ್ನುತ್ತಿದ್ದರು.
ಅವನೂ ದಂಡೆಗೆ ಇಳಿದವನೇ
ಎದುರು ನಿಂತವರಿಗೆಲ್ಲ ನನ್ನ ಹೆಸರು ಹೊದಿಸಿದನಂತೆ.
ಅವರು ತಿರುಗಿ ನೋಡಿರಲಿಕ್ಕಿಲ್ಲ.
ನಾನು ತಿರುಗಿದೆ.

ಕ್ರೂಸ್ ಹಡಗಿನಿಂದ ಇಳಿದುಬಂದ ಮುದುಕಿ. ಮೆಕ್ಸಿಕೊ ಅಂದಳು.
ಎರಡು ಬಿಳಿ ಜಡೆ, ನಮ್ಮ ದೊಡ್ಡವ್ವನ ಬಣ್ಣ.
ಕೇಸರಿ ಬೇಡ, ಒಣಲಿಂಬೆ ಬೇಡ, ಲೋಬಾನ ಬೇಡ,
ನೇರ ನಮ್ಮೂರಿನ ಚೀಲಕ್ಕೆ ಕೈಹಾಕಿ
ಸುಕ್ಕುಗಟ್ಟಿದ ಒಂದು ಕಾಯಿ ತೆಗೆದು
ಕಿವಿಯ ಹತ್ತಿರ ಅಲ್ಲಾಡಿಸಿದಳು.
ಒಳಗೆ ಬೀಜ ಗಿಲಗಿಲ ಅಂದವು.
ಪೇಟೆಯಲ್ಲಿ ಅವ್ವ ಹೀಗೇ ಕೇಳಿಸಿಕೊಳ್ಳುತ್ತಿದ್ದಳು,
ಒಣಗಿದೆಯೋ, ತೂಕಕ್ಕೆಂದು ಯಾರೋ ನೀರು ಹೊಡೆದಿದ್ದಾರೋ.
ಎಲ್ಲಿಯದು, ಬೆರಳಲ್ಲೇ ಕೇಳಿದಳು.
ನಾನು ನನ್ನ ಎದೆ ಮುಟ್ಟಿಕೊಂಡೆ.
ಅವಳು ನಕ್ಕು ತನ್ನ ಎದೆ ಮುಟ್ಟಿಕೊಂಡಳು.
ಜಗಳಕ್ಕೆ ನಮ್ಮಿಬ್ಬರಲ್ಲಿ ಭಾಷೆ ಇರಲಿಲ್ಲ.
ಕಾಲು ಕಿಲೋ ತೂಗಿದೆ, ಮೇಲೊಂದು ಹಿಡಿ ಹಾಕಿದೆ.
ಮಾಲೀಕ ನೋಡಲಿಲ್ಲ.

ಮೆಣಸು ಹುಡುಕಿ ಹೋದವನಿಗೆ ಸಿಕ್ಕಿದ್ದು ಬೇರೆಯೇ ಖಾರ.
ದಾರಿ ತಪ್ಪಿದೆ ಅನ್ನಲಾರದೆ ಅದನ್ನೂ ಮೆಣಸು ಅಂದ.
ನಾವು ಮಾತ್ರ ಏನು ಕಡಿಮೆ? ಮೆಣಸಿನಕಾಯಿ ಅಂದೆವು,
ದತ್ತು ಬಂದವನಿಗೆ ಮನೆಯ ಅಡ್ಡಹೆಸರು ಅಂಟಿಸಿದ ಹಾಗೆ.
ಈಗ ಅದಿಲ್ಲದೆ ರೊಟ್ಟಿ ಗಂಟಲಿಳಿಯುವುದಿಲ್ಲ.
ಅಜ್ಜನ ಹಜ್ಜು, ನನ್ನ ನಿಕಾಹ್, ಏಜೆಂಟನಿಗೆ ಕೊಟ್ಟ ವೀಸಾ ದುಡ್ಡು
ಎಲ್ಲ ಅದೇ ಚೀಲದ್ದು.
ಇದನ್ನು ಪರಿಣಾಮದ ಕೆಳಗೆ ಬರೆಸಲೇ?

ಆಗ ಜುಲೇಖಾ ಓದಿದಳು,
ಪುಟದ ಮೂಲೆಯ ಬೂದು ಚೌಕದಿಂದ, ಸಣ್ಣ ಅಕ್ಷರ:
ಹದಿನಾಲ್ಕು ದಾಟಿದ ಪ್ರತಿಯೊಬ್ಬರೂ
ಮೂರು ತಿಂಗಳಿಗೊಮ್ಮೆ
ಒಂದು ಗೆಜ್ಜೆ ತುಂಬ ಚಿನ್ನದ ಪುಡಿ ಒಪ್ಪಿಸಬೇಕು.
ಮೊದಮೊದಲು ಅವನೇ ಉಡುಗೊರೆ ಹಂಚಿದ್ದ,
ಮಕ್ಕಳು ಕುಣಿಸಿ ನೋಡಿದ್ದ, ಅದೇ ಗೆಜ್ಜೆ.
ಹೊಳೆಯ ಮರಳಿನಲ್ಲಿ ಅಷ್ಟು ಚಿನ್ನ ಇರಲಿಲ್ಲ.
"ತರದವರಿಗೆ?"
ಅವಳು ಉತ್ತರ ಓದಲಿಲ್ಲ.
ಪುಸ್ತಕ ಮುಚ್ಚಿ ತನ್ನ ಎರಡೂ ಕೈ ನೋಡಿಕೊಂಡಳು.

ತಿಂಗಳ ಐದಕ್ಕೆ ನಾನೂ ಎಕ್ಸ್‌ಚೇಂಜ್ ಸಾಲಿನಲ್ಲಿ ನಿಲ್ಲುತ್ತೇನೆ.
ಹಾಗಂತ ಅದೂ ಇದೂ ಒಂದೇ ಅಂದುಕೊಳ್ಳಲಾರೆ.
ನನ್ನ ಕೈ ಯಾರೂ ಕೇಳಿಲ್ಲ.

ಅಂಗಡಿ ಮುಚ್ಚುವ ಹೊತ್ತಿಗೆ
ಬ್ಯಾಗಿನ ಜಿಪ್ಪಿಗೆ ಕಟ್ಟಿದ್ದ ಗೆಜ್ಜೆ ಬಿಚ್ಚಿ ಕೊಟ್ಟಳು.
"ಎಷ್ಟು ಹಿಡೀತೈತಿ, ತೂಗು."
ಒಳಗಿನ ಗುಂಡು ಕೆಡವಿ, ಸೀಳಿನಿಂದ ತುರುಕಿದೆ,
ಮೆಣಸಿನಕಾಯಿಯ ಬೀಜ, ಒಂದೊಂದೇ,
ಸೂಜಿಯ ತುದಿಯಿಂದ. ಬೆರಳು ಉರಿಯಿತು.
ಅಲ್ಲಾಡಿಸಿದೆ. ತುಂಬಿದ್ದಕ್ಕೆ ಸದ್ದಿಲ್ಲ.

ಎರಡು ಗ್ರಾಮು, ಚೂರು ಕಡಿಮೆ.
ಬಂಗಾರವಾದರೆ ಇನ್ನೂ ಭಾರ ಅಂದೆ.
ಅವಳು ಅಂಕಿ ಬರೆದುಕೊಂಡಳು.
ಪುಟದಲ್ಲಿ ಇನ್ನೂ ನಾಲ್ಕು ಗೆರೆ ಖಾಲಿ ಇದ್ದವು.