ಅಕ್ಷರ ಸಿಗದ ಕೋಣೆಗಳು

ಘಾನಾದ ಹೋ ಪಟ್ಟಣ. ಕೋರ್ಟಿನೆದುರು ಬೇವಿನ ನೆರಳಲ್ಲಿ
ಅರ್ಜಿ ಬರೆದುಕೊಡುವ ಅಗ್ಬೆಕೊ
ಟೈಪ್‌ರೈಟರ್ ಮಾರಿ ಕೊಂಡ ಹಳೆಯ ಲ್ಯಾಪ್‌ಟಾಪನ್ನು
ಜಿಫಾಳ ರಿಪೇರಿ ಮೇಜಿನ ಮೇಲೆ
ದೂರು ಸಲ್ಲಿಸಿದಂತೆ ಇಟ್ಟ.

"ಲೇಬಲ್ಲಿನ ಮೇಲೆ ಐನೂರು ಜಿಬಿ.
ಒಳಗೆ ಎಣಿಸಿದರೆ ನಾನೂರೈವತ್ತೊಂದು.
ನಲವತ್ತೊಂಬತ್ತು ನುಂಗಿದವರು ಯಾರು?
ಹಡಗೋ, ಬಂದರೋ, ನೀನೋ?"

ಜಿಫಾ ನಗಲಿಲ್ಲ. ಅವಳ ಅಜ್ಜಿ
ಸಂತೆಯಲ್ಲಿ ಮೆಕ್ಕೆಜೋಳ ಅಳೆದವಳು.
ಓಲೊಂಕ ಡಬ್ಬಿಯ ತಳ ನೆಟ್ಟಗಿದೆಯೋ,
ಯಾರಾದರೂ ಒಳಕ್ಕೆ ಬಡಿದಿದ್ದಾರೋ
ಬೆರಳಿಟ್ಟು ನೋಡುವುದು ಮನೆತನದ ವಿದ್ಯೆ.

"ಕಂಪನಿಯ ಡಬ್ಬಿಗೆ ಸಾವಿರ ಕಾಳು,
ಯಂತ್ರದ ಡಬ್ಬಿಗೆ ಸಾವಿರದ ಇಪ್ಪತ್ತನಾಲ್ಕು.
ಜೋಳ ಅದೇ, ಡಬ್ಬಿ ಬೇರೆ.
ಮೂವತ್ತನಾಲ್ಕು ಅಲ್ಲಿಗೆ ಸರಿಹೋಯಿತು.
ಇನ್ನು ಹದಿನೈದು
ಎಲ್ಲೂ ಹೋಗಿಲ್ಲ, ಮನೆಯೊಳಗೇ ಇದೆ."

ತೆರೆಯ ಮೇಲೆ ಉದ್ದನೆಯದೊಂದು ಪಟ್ಟಿ,
ಬದು ಹಾಕಿದ ಹೊಲದ ಹಾಗೆ.
ನಡುವೆ ಹರಡಿಕೊಂಡದ್ದು ಸಿ.
ತಲೆಯ ಕಡೆ ನೂರು ಎಂಬಿಯ ಚೂರು:
"ಬೆಳಗ್ಗೆ ಯಂತ್ರವನ್ನು ಎಬ್ಬಿಸುವವನು ಇವನು.
ಎಬ್ಬಿಸಿ, ಮಿಕ್ಕ ದಿನವೆಲ್ಲ ಮಲಗುತ್ತಾನೆ."
ಅದರಾಚೆ ಹದಿನಾರು ಎಂಬಿ, ಪಟ್ಟಿಯಲ್ಲೂ ಕಾಣದು;
ಕಪ್ಪು ಪರದೆಯಲ್ಲಿ ಆಜ್ಞೆ ಬರೆದು ಕೇಳಿದರೆ ಮಾತ್ರ
ಇದ್ದೇನೆ ಅನ್ನುತ್ತದೆ.
ಏನಿದೆ ಒಳಗೆ? ಏನೂ ಇಲ್ಲ,
ನಾಳೆಗೆ ಬೇಕಾದೀತೆಂದು ಬಿಟ್ಟ ಜಾಗ.
ಬಾಲದಲ್ಲಿ ಹದಿನಾಲ್ಕೂ ಚಿಲ್ಲರೆ ಜಿಬಿ, ರಿಕವರಿ.

"ಸಿ ಇದೆ, ಡಿ ಇದೆ. ಇವಕ್ಕೆ ಅಕ್ಷರ ಯಾಕಿಲ್ಲ?"
"ಅಕ್ಷರ ಕೊಟ್ಟರೆ ಬಾಗಿಲು ಕೊಟ್ಟಂತೆ.
ಬಾಗಿಲಿದ್ದರೆ ಹೋಗುತ್ತೀಯ,
ಹೋದರೆ ಗುಡಿಸುತ್ತೀಯ."

ಅಕ್ಷರ ಬಾರದವರಿಗಾಗಿ ಇಪ್ಪತ್ತಾರು ವರ್ಷ
ಜಮೀನಿನ, ಜಾಮೀನಿನ ಕಾಗದ ಬರೆದವನು
ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ,
"ಆದರೂ ಅಳಿಸು. ದುಡ್ಡು ನನ್ನದು."

"ಒಲೆಯ ಮೇಲೆ ಹೊಗೆಗೆ ತೂಗಿಸಿದ ತೆನೆಯೂ ನಿನ್ನದೇ.
ಬಿತ್ತನೆಯ ಕಾಳನ್ನು ಬೇಯಿಸುತ್ತೀಯಾ?"

ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಹತ್ತು ಸೇಡಿ ಕೊಡಬೇಕಿತ್ತು, ಎಂಟು ಕೊಟ್ಟು ಹೋದ.

ಉತ್ತರದ ಧೂಳುಗಾಳಿಯ ತಿಂಗಳು.
ತುಟಿ ಒಡೆಯುತ್ತದೆ, ಮೇಜು ಬೆಳ್ಳಗಾಗುತ್ತದೆ,
ಕರೆಂಟು ಹೋಗುತ್ತದೆ, ಬರುತ್ತದೆ, ಹೋಗುತ್ತದೆ.
ಅಪ್‌ಡೇಟು ನೂರಕ್ಕೆ ಅರವತ್ತೆಂಟು ಮುಗಿದಿತ್ತಂತೆ.
ಟವೆಲಿನಲ್ಲಿ ಸುತ್ತಿ ತಂದ ಅಗ್ಬೆಕೊ,
ಜ್ವರದ ಮಗುವನ್ನು ತಂದ ಹಾಗೆ.

"ಅರ್ಜಿಗಳು?"
ಕೊರಳ ದಾರದಿಂದ ಪೆನ್‌ಡ್ರೈವ್ ಎಳೆದು ತೋರಿಸಿದ.
"ಬದುಕಿದೆ. ಈ ಕೋಣೆಗೆ ನಿನ್ನ ಪರಿಚಯವಿಲ್ಲ.
ಅದಕ್ಕೆ ನೆನಪಿರುವುದು ಒಂದೇ ದಿನ,
ಕಾರ್ಖಾನೆ ಬಿಟ್ಟ ದಿನ."

ಎಫ್ ಹನ್ನೊಂದು ಒತ್ತಿದಳು.
ಚುಕ್ಕೆಗಳು ಸುತ್ತಿದವು, ಸುತ್ತಿದವು.
ಹುರಿದ ಬಾಳೆಹಣ್ಣು ತರಿಸಿ ತಿಂದರು.
ಅಳಿಯದ್ದನ್ನು ಅಕ್ಷರ ಅನ್ನುತ್ತದೆ ನನ್ನ ಭಾಷೆ;
ಇಲ್ಲಿ ಅಕ್ಷರವೇ ಸಿಗದ್ದು
ಅಳಿಯದೆ ಕೂತಿತ್ತು.

ಕೊನೆಗೆ ತೆರೆ ಬೆಳಗಿತು. ಮಾತಾಡಿತು.
ಇಂಗ್ಲಿಷಲ್ಲ, ಎವೆಯಂತೂ ಅಲ್ಲ.
ತಲೆಯ ಮೇಲೆ ಎರಡೆರಡು ಚುಕ್ಕೆ ಹೊತ್ತ ಅಕ್ಷರಗಳು,
ಉದ್ದುದ್ದ ಪದಗಳು, ಹಿಮ ಬೀಳುವ ಊರಿನವು.
"ಫಿನ್‌ಲೆಂಡ್," ಅಂದಳು ಜಿಫಾ,
ತಳದ ಚೀಟಿಯ ಮೇಲೆ ಟಾರ್ಚು ಬಿಟ್ಟು.
"ಏನು ಕೇಳುತ್ತಿದೆ?"
"ಯಾವ ಭಾಷೆ ಬೇಕು ಅಂತಿರಬೇಕು."

ಕೀಲಿಮಣೆಯ ಬಲಗಡೆ ಎರಡು ಕೀಲಿಗಳ ಮೇಲೆ
ಅಗ್ಬೆಕೊ ಎಂದೋ ಕಾಗದ ಅಂಟಿಸಿ,
ಶಾಯಿಯಲ್ಲಿ, ತನ್ನ ಭಾಷೆಯ ಎರಡು ಸ್ವರ ಬರೆದುಕೊಂಡಿದ್ದ.
ಈಗ ಒಂದರ ಅಂಚನ್ನು ಉಗುರಿನಿಂದ ಎತ್ತಿದ.
ಕೆಳಗೆ ಒಂದು ಓ, ಮೇಲೆರಡು ಚುಕ್ಕೆ.
ತೆರೆಯನ್ನು ನೋಡಿದ, ಕೀಲಿಯನ್ನು ನೋಡಿದ.

ಬೆರಳಿಗೆ ಉಗುಳು ಹಚ್ಚಿ
ಕಾಗದವನ್ನು ಮತ್ತೆ ಒತ್ತಿ ಕೂರಿಸಿದ,
ಕೆಳಗಿನದಕ್ಕೆ ನೋವಾಗದ ಹಾಗೆ.
ಆಮೇಲೆ ಅಂಗಿಯ ಜೇಬಿನಿಂದ ಎರಡು ಸೇಡಿ ತೆಗೆದ.