ಷರಾ

ಹೋಗುವ ಮುಂಚೆ ಅರ್ಜಿ ಬರೆದುಕೊಟ್ಟಿದ್ದೆ:
ಅಧ್ಯಯನ ಪ್ರವಾಸ, ಪೋಲೆಂಡ್ ದೇಶ, ಹನ್ನೊಂದು ದಿನ,
ರಜೆ ಗಳಿಕೆಯದು, ಖರ್ಚು ಇಲಾಖೆಯದಲ್ಲ.
ಹೆಡ್‌ಮಾಸ್ಟರು ಸಹಿ ಹಾಕುತ್ತ ಕೇಳಿದರು:
"ಅಲ್ಲೇನಿದೆ ನೋಡೋಕೆ?"

ನಮ್ಮ ಪಾಠದಲ್ಲಿ ಅದು ಒಂದು ಸಾಲು.
ಅರವತ್ತು ಲಕ್ಷ ಯಹೂದಿಗಳು ಅಂದಾಗ
ಲೆಕ್ಕದಲ್ಲಿ ಚುರುಕಾದ ಹುಚ್ರಾಯ ಎದ್ದು ನಿಂತು
"ನಮ್ಮ ಶಿವಮೊಗ್ಗ ಜಿಲ್ಲೆ ಮೂರೂವರೆ ಸಲ ಮೇಡಂ" ಅಂದಿದ್ದ.
ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ...
ನಕ್ಷೆಯ ಮೇಲೆ ಕೈಯಾಡಿಸಿ ಖಾಲಿ ಮಾಡುತ್ತ ಬಂದೆ.
ಭದ್ರಾವತಿ ಮುಟ್ಟುವಷ್ಟರಲ್ಲಿ ಬೆಲ್ಲು ಹೊಡೆಯಿತು.

ಅಲ್ಲಿ ಎಲ್ಲ ಇತ್ತು. ಹಳಿ ಇತ್ತು, ಬೇಲಿ ಇತ್ತು,
ಗಾಜಿನ ಹಿಂದೆ ಗುಡ್ಡೆಗುಡ್ಡೆ ಬೂಟು.
ಜೊತೆಗಿದ್ದ ಕಾಸರಗೋಡಿನ ಮೇಷ್ಟ್ರು ಗೋಡೆಗೊರಗಿ ಅತ್ತರು.
ನನಗೆ ಅಳು ಬರಲಿಲ್ಲ. ಕಾಲು ನೋಯುತ್ತಿತ್ತು,
ಬಿಸಿ ಕಾಫಿ ಎಲ್ಲಿ ಸಿಗಬಹುದೆಂದು ಯೋಚಿಸುತ್ತಿದ್ದೆ.

ಒಂಬತ್ತನೇ ದಿನ, ಹೆಸರಿಗೆ ನನ್ನ ನಾಲಗೆ ಹೊರಳದ ಸಣ್ಣ ಊರು.
ಶಾಲೆಯ ಹಳೇ ಹಾಜರಿ ಪುಸ್ತಕ ತೆರೆದಿಟ್ಟಿದ್ದರು.
ಮೂವತ್ತೊಂಬತ್ತನೇ ಇಸವಿ.
ನಮ್ಮದರ ಹಾಗೇ ಗೆರೆ, ನಮ್ಮದರ ಹಾಗೇ ಪುಟ್ಟ ಪುಟ್ಟ ಮನೆ,
ಬಲತುದಿಗೆ ಷರಾ.
ಗಿಟ್ಲಾ. ಫ್ರೂಮಾ. ಲೇಬಲ್. ಇನ್ನೊಬ್ಬ ಲೇಬಲ್.
ಅಕ್ಟೋಬರಿನಿಂದ ಹದಿನೇಳು ಹೆಸರಿನ ಮುಂದೆ ಒಂದೇ ಮಾತು.
"ಏನದು?" ಅಂದೆ. ಕರೆದೊಯ್ದಿದ್ದ ಹಾಲೀನಾ
ಕನ್ನಡಕ ಸರಿಮಾಡಿಕೊಂಡು ಓದಿ ಹೇಳಿದಳು.
ನಾನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡೆ:
ಬರುತ್ತಿಲ್ಲ.

ಎಂಥ ಒಳ್ಳೆಯ ಕೈಬರಹ! ಒಂದು ಚಿತ್ತಿಲ್ಲ, ಕಾಟಿಲ್ಲ.
ಯಾರೋ ನನ್ನಂಥವರೇ. ಸಂಜೆ ಪೆನ್ನಿಗೆ ಮುಚ್ಚಳ ಹಾಕಿ
ಮಾರನೆ ಬೆಳಗ್ಗೆ ಉಳಿದವರಿಗೆ ಮಗ್ಗಿ ಹೇಳಿಸಿದವರು.

ನಮ್ಮ ಭಾಷೆಯಲ್ಲಿ ಅದು ಎಷ್ಟು ಸಲೀಸು ನೋಡಿ.
ನಾನು ಬರುತ್ತಿಲ್ಲ, ನೀನು ಬರುತ್ತಿಲ್ಲ, ಅವಳು, ಅವರು, ಬಸ್ಸು, ಮಳೆ,
ಯಾರಿಗೆ ಹಚ್ಚಿದರೂ ಅಂಟುತ್ತದೆ. ಲಿಂಗವಿಲ್ಲ, ವಚನವಿಲ್ಲ,
ಬಾರದಂತೆ ಮಾಡಿದವರಿಗೆ ಅದರೊಳಗೆ ಜಾಗವೇ ಇಲ್ಲ.

ಊರಿಗೆ ಬಂದವಳು ಬೀರುವಿನಿಂದ
ಕರ್ಫ್ಯೂ ಆದ ವರ್ಷದ ರಿಜಿಸ್ಟರು ತೆಗೆದೆ.
ಇಪ್ಪತ್ತಾರು, ತಸ್ಮಿಯಾ ಕೌಸರ್.
ಮಾರ್ಚಿನಿಂದ ಆಬ್ಸೆಂಟು. ಷರಾ:
ನನ್ನದೇ ದುಂಡಕ್ಷರ.

ಅದೂ ಇದೂ ಒಂದೇ ಅಲ್ಲ.
ಒಂದೇ ಅನ್ನುವವರನ್ನು ನಾನೇ ಕ್ಲಾಸಿನಿಂದ ಆಚೆ ಕಳಿಸುತ್ತೇನೆ,
ಸತ್ತವರನ್ನು ನಮ್ಮ ಜಗಳಕ್ಕೆ ಕಡ ತರಬಾರದು.
ಆದರೂ ಪುಸ್ತಕ ಮುಚ್ಚಲಾಗಲಿಲ್ಲ.

ಭಾನುವಾರ ತುಂಗೆಯ ಸೇತುವೆ ದಾಟಿ ವಿಳಾಸ ಹಿಡಿದು ಹೋದೆ.
ಹೊಲಿಗೆ ಮಿಷನ್ನಿನ ಸದ್ದು. ಬೇರೆ ಯಾರೋ ಬಾಡಿಗೆಗೆ.
"ಅವರು ಖಾಲಿ ಮಾಡಿ ಮೂರು ವರ್ಷ ಆಯ್ತಲ್ಲ,
ಎಲ್ಲಿಗೆ ಹೋದರೋ ಗೊತ್ತಿಲ್ಲ. ನೀವು ಯಾರಾಗಬೇಕು?"
ಕ್ಲಾಸ್ ಟೀಚರ್, ಅಂದೆ.
ಆಕೆ ಮಿಷನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.
ನೀರು ತಂದುಕೊಟ್ಟಳು. ಕುಡಿದೆ.

ನಂಬರು ಕೂಗುವುದು ಬಿಟ್ಟಿದ್ದೇನೆ ಈಗ, ಹೆಸರು ಹಿಡಿದೇ ಕರೆಯುತ್ತೇನೆ.
ಹೊತ್ತು ಹಿಡಿಯುತ್ತದೆ, ಹುಡುಗರು ಆಕಳಿಸುತ್ತಾರೆ.
ಎಡ್ವಿನ್? ಎಸ್ ಮೇಡಂ. ಗೌತಮಿ? ಎಸ್ ಮೇಡಂ.
ಭೋಜಪ್ಪ?
ಫ್ಯಾನು ತಿರುಗುತ್ತಿತ್ತು.
"ಬಂದಿಲ್ಲ ಮೇಡಂ."
ಯಾಕೆ?
"ಗೊತ್ತಿಲ್ಲ ಮೇಡಂ."
ಅವನ ಮನೆ ಹತ್ತಿರದವರು ಯಾರಿದ್ದೀರಿ?
ಮೂರನೇ ಬೆಂಚಿನಲ್ಲಿ ನಿಧಾನ ಒಂದು ಕೈ ಎದ್ದಿತು:
"ಅವರಮ್ಮನ್ನ ಮೆಗ್ಗಾನ್ ಆಸ್ಪತ್ರೆಗೆ ಸೇರಿಸಿದಾರೆ.
ತಂಗೀನ ನೋಡ್ಕೊಳ್ಳೋಕೆ ಮನೇಲಿದಾನೆ."

ಷರಾದ ಆ ಸಣ್ಣ ಮನೆಯಲ್ಲಿ ಅಷ್ಟನ್ನೂ ಬರೆದೆ.
ಕೆಳಗಿನವನ ಮನೆಗೂ ಅಕ್ಷರ ಹರಿಯಿತು.